ಖುಷಿಗೆ ಓದಿದ ಕಾದಂಬರಿಯ ಬಗ್ಗೆ ಬರೆಯುವುದು

(ಓದುಗರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಮಿಕ್ಕಿದ್ದು ಹೆಚ್ಚುಕಮ್ಮಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

"ಓದಿಸಿಕೊಂಡು ಹೋಗುತ್ತದೆ." ಕಾದಂಬರಿಯ ಬಗ್ಗೆ ನಾವು ಬರೆಯುವ ಬರಹಗಳಲ್ಲಿ ಈ ಮಾತು ಇಲ್ಲದ ಒಂದನ್ನು ಹುಡುಕಿ ತೋರಿಸಿ ನೋಡೋಣ. ಇದರ ನೆಂಟರೂ ಸುಮಾರು ಜನ ಇದ್ದಾರೆ. ಮನಮುಟ್ಟುವಂತಿದೆ. ಸಮಾಜಕ್ಕೆ ಕನ್ನಡಿ ಹಿಡಿಯುತ್ತದೆ. ಸಂಗ್ರಹಯೋಗ್ಯ. ಇವರಿಂದ ಇನ್ನಷ್ಟು ಕೃತಿಗಳು ಬರಲಿ. ಬರೆದವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸಿರುತ್ತದೆ. ಆದರೆ ಆ ಪುಸ್ತಕದ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿದರೂ ಬರಹ ಅಲ್ಲಾಡದೆ ನಿಲ್ಲುತ್ತದೆ. ಕೊಲೆಯ ಕಥೆಗೂ ಆಗುತ್ತದೆ, ಪ್ರೇಮಕಥೆಗೂ ಆಗುತ್ತದೆ, ಮಂಗಳ ಗ್ರಹಕ್ಕೆ ಹೋದವರ ಕಥೆಗೂ ಆಗುತ್ತದೆ. ಹಾಗಿದ್ದರೆ ಓದಿದವರಿಗೆ ಅದರಿಂದ ಗೊತ್ತಾಗಿದ್ದೇನು?

ನನ್ನ ಮಾತು ಇಷ್ಟೇ. ಖುಷಿಗೆ ಓದಿದ ಪುಸ್ತಕದ ಬಗ್ಗೆ ಬರೆಯುವಾಗ ನಮ್ಮ ಖುಷಿಯೇ ಮೊದಲ ಸಾಕ್ಷಿ. ಅದನ್ನು ಬಚ್ಚಿಟ್ಟು ಗಂಭೀರ ಮುಖ ಮಾಡಿಕೊಳ್ಳಬೇಕಾಗಿಲ್ಲ. ಆದರೆ ಸಾಕ್ಷಿಯನ್ನು ಸುಮ್ನೆ ಕಟಕಟೆಯಲ್ಲಿ ನಿಲ್ಲಿಸಿ ಮನೆಗೆ ಹೋದರೆ ಆಗದು, ಪ್ರಶ್ನೆ ಕೇಳಬೇಕು. ಈ ಖುಷಿ ಪುಸ್ತಕದ ಯಾವ ಜಾಗದಲ್ಲಿ ಹುಟ್ಟಿತು? ಯಾವ ಜಾಗದಲ್ಲಿ ಸತ್ತಿತು? ಹಾಗೆ ಕೇಳುತ್ತಾ ಹೋದರೆ, ಒಂದೊಂದು ಬಗೆಯ ಕಾದಂಬರಿ ಒಂದೊಂದು ದಾರಿಯಲ್ಲಿ ಖುಷಿ ಕೊಡುತ್ತದೆ ಅನ್ನುವುದು ಕಾಣುತ್ತದೆ. ಒಂದಕ್ಕೆ ಹಿಡಿದ ಅಳತೆಗೋಲನ್ನೇ ಇನ್ನೊಂದಕ್ಕೂ ಹಿಡಿದರೆ ಚದುರಂಗ ನೋಡಲು ಹೋಗಿ ಚೆಂಡು ಎಲ್ಲಿ ಅಂತ ಕೇಳಿದ ಹಾಗಾಗುತ್ತದೆ.

ಹಾಗೆ ಕೇಳಿದವರಲ್ಲಿ ದೊಡ್ಡವರೂ ಇದ್ದಾರೆ. ಎಡ್ಮಂಡ್ ವಿಲ್ಸನ್ ಅಂತ ಅಮೆರಿಕದ ವಿಮರ್ಶಕ, ತುಂಬ ಓದಿಕೊಂಡ ಮನುಷ್ಯ. 1944ರಲ್ಲಿ ಅವರು 'ನ್ಯೂಯಾರ್ಕರ್' ಪತ್ರಿಕೆಯಲ್ಲಿ, ಜನ ಪತ್ತೇದಾರಿ ಕಥೆಗಳನ್ನು ಯಾಕಪ್ಪಾ ಓದುತ್ತಾರೆ ಅಂತ ಬರೆದರು. ಓದುಗರು ಸಿಟ್ಟಾಗಿ ಕಾಗದ ಬರೆದರು. ನೀವು ಓದಿದ್ದು ಸರಿಯಾದ ಪುಸ್ತಕ ಅಲ್ಲ, ಇಂಥವರದ್ದು ಓದಿ ನೋಡಿ ಅಂದರು. ಅವರು ಅದನ್ನೂ ಓದಿದರು. 1945ರಲ್ಲಿ ಮತ್ತೆ ಬರೆದರು, ಈ ಸಲ ಇನ್ನೂ ಖಾರವಾಗಿ. ರೋಜರ್ ಆಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು ಅನ್ನುವುದೇ ಆ ಲೇಖನದ ಹೆಸರು. ಆಕ್ರಾಯ್ಡ್ ಅಂದರೆ ಅಗಾಥಾ ಕ್ರಿಸ್ಟಿಯ ಒಂದು ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಯಾಗುವವನು. ಅವರ ದೂರುಗಳು ಬಹಳ ಮಟ್ಟಿಗೆ ನಿಜ: ಬರವಣಿಗೆ ಸಪ್ಪೆ, ಪಾತ್ರಗಳಿಗೆ ಜೀವ ಇಲ್ಲ. ಆದರೆ ಪತ್ತೇದಾರಿ ಕಾದಂಬರಿ ಖುಷಿ ಕೊಡುವ ಜಾಗ ಅವೆರಡೂ ಅಲ್ಲವಲ್ಲ! ಅದೇ ಹೊತ್ತಿನಲ್ಲಿ, 1948ರಲ್ಲಿ, ಕವಿ ಆಡೆನ್ ಇದೇ ಪತ್ತೇದಾರಿ ಕಥೆಗಳ ಬಗ್ಗೆ ಒಂದು ಪ್ರಬಂಧ ಬರೆದರು. ತನಗೆ ಇವು ತಂಬಾಕು, ಮದ್ಯದ ಥರದ ಚಟ ಅಂತ ಶುರುವಿನಲ್ಲೇ ಹೇಳಿಬಿಟ್ಟರು. ಚಟ ಇದೆ ಅಂತ ಒಪ್ಪಿಕೊಂಡ ಮೇಲೆ, ಈ ಚಟ ಹಿಡಿಸುವುದು ಯಾವುದು ಅಂತ ಕಥೆಯ ಒಳಗಿನ ಊರು, ಕೊಲೆ, ತಪ್ಪಿತಸ್ಥ ಭಾವನೆ ಎಲ್ಲವನ್ನೂ ಬಿಚ್ಚಿ ನೋಡಿದರು. ನನಗೆ ಈ ಎರಡರಲ್ಲಿ ಆಡೆನ್ ದಾರಿ ಜಾಸ್ತಿ ಉಪಯೋಗಕ್ಕೆ ಬಂದಿದೆ. ವಿಲ್ಸನ್ ಜಾಣರು, ಆದರೆ ತಮಗೆ ಬೇಡದ ಆಟವನ್ನು ಹೊರಗಿನಿಂದ ನೋಡಿ ಬರೆದರು.

ಪತ್ತೇದಾರಿಯ ಮಾತು ಬಂತು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲೋಣ. ನನಗೆ ಇಷ್ಟವಾದ ಜಾಗ ಅದು.

ರೊನಾಲ್ಡ್ ನಾಕ್ಸ್ ಅಂತ ಒಬ್ಬ ಪಾದ್ರಿ ಇದ್ದರು, ಅವರೇ ಪತ್ತೇದಾರಿ ಕಥೆಗಳನ್ನೂ ಬರೆಯುತ್ತಿದ್ದರು. 1929ರಲ್ಲಿ ಅವರು ಇಂಥ ಕಥೆಗಳಿಗೆ ಹತ್ತು ಕಟ್ಟಳೆ ಹಾಕಿದರು. ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು. ಪತ್ತೇದಾರನೇ ಕೊಲೆಗಾರ ಆಗಬಾರದು. ಆಕಸ್ಮಿಕವಾಗಿ ಏನೋ ಆಗಿ ಅವನಿಗೆ ಉತ್ತರ ಸಿಗಬಾರದು. ಅವಳಿ ಸೋದರರನ್ನು ತರುವುದಾದರೆ ಓದುಗನನ್ನು ಮೊದಲೇ ಅದಕ್ಕೆ ಸಿದ್ಧ ಮಾಡಬೇಕು. ಓದಲು ತಮಾಷೆಯಾಗಿದೆ, ಅವರು ಬರೆದದ್ದೂ ಅರ್ಧ ತಮಾಷೆಗೇ. ಆದರೆ ಎಲ್ಲದರ ಹಿಂದೆ ಇರುವುದು ಒಂದೇ ಆಸೆ: ಓದುಗನಿಗೆ ಮೋಸ ಮಾಡಬಾರದು. ಕೊನೆಯಲ್ಲಿ ಗುಟ್ಟು ಬಿಚ್ಚಿಕೊಂಡಾಗ ಓದುಗ "ಅಯ್ಯೋ, ನನಗೂ ಇದು ಹೊಳೆಯಬಹುದಿತ್ತು!" ಅನ್ನಬೇಕು. "ಹೌದಾ? ಇದನ್ನು ಯಾವಾಗ ಹೇಳಿದ್ದರು?" ಅಂತ ಹಿಂದಿನ ಪುಟ ತಡಕುವಂತಾದರೆ ಆಟ ಕೆಟ್ಟಿತು.

ಆದ್ದರಿಂದ ಪತ್ತೇದಾರಿ ಕಾದಂಬರಿಯ ವಿಮರ್ಶೆಯ ಮುಖ್ಯ ಕೆಲಸ ಶುರುವಾಗುವುದು ಕೊನೆಯ ಪುಟ ಮುಗಿದ ಮೇಲೆ. ಹಿಂದಕ್ಕೆ ಹೋಗಿ. ಕೊಲೆಗಾರ ಮೊದಲ ಸಲ ಬಂದ ಪುಟ ತೆಗೆಯಿರಿ. ಆ ಸುಳಿವು ಅಲ್ಲಿತ್ತಾ? ಇದ್ದರೆ ಯಾವ ಮಾತಿನ ಮರೆಯಲ್ಲಿ ಇಟ್ಟಿದ್ದರು? ಒಳ್ಳೆಯ ಬರಹಗಾರರು ಸುಳಿವನ್ನು ಕಣ್ಣೆದುರೇ ಇಟ್ಟು, ಅದೇ ಕ್ಷಣದಲ್ಲಿ ಬೇರೊಂದು ಗಲಾಟೆ ಎಬ್ಬಿಸುತ್ತಾರೆ. ಯಾರೋ ಬಾಗಿಲು ಬಡಿಯುತ್ತಾರೆ, ಯಾರೋ ಅಳುತ್ತಾರೆ, ನಮ್ಮ ಕಣ್ಣು ಆ ಕಡೆ ಹೋಗುತ್ತದೆ. ಈ ಕೈಚಳಕವನ್ನು ಗುಟ್ಟು ಬಿಟ್ಟುಕೊಡದೆ ವಿವರಿಸುವುದು ಕಷ್ಟ. ಆದರೂ "ಎಲ್ಲ ಸುಳಿವುಗಳೂ ಮೊದಲರ್ಧದಲ್ಲೇ ಇವೆ, ಒಂದನ್ನಂತೂ ಎರಡು ಸಲ ಕೊಟ್ಟಿದ್ದಾರೆ" ಅಂತ ಬರೆದರೆ ಪತ್ತೇದಾರಿಯ ಹುಚ್ಚು ಇರುವ ಓದುಗನಿಗೆ ಅದಕ್ಕಿಂತ ದೊಡ್ಡ ಆಹ್ವಾನ ಬೇಕಿಲ್ಲ.

ಅಂದ ಹಾಗೆ, ಆ ರೋಜರ್ ಆಕ್ರಾಯ್ಡ್ ಕೊಲೆಯ ಕಥೆ, ಅಗಾಥಾ ಕ್ರಿಸ್ಟಿ 1926ರಲ್ಲಿ ಪ್ರಕಟಿಸಿದ್ದು, ಬಂದಾಗಲೇ ಜಗಳ ಎಬ್ಬಿಸಿತು. ಇದು ನ್ಯಾಯದ ಆಟ ಅಂತ ಕೆಲವರು, ಮೋಸ ಅಂತ ಕೆಲವರು. ಯಾಕೆ ಅಂತ ನಾನು ಹೇಳುವುದಿಲ್ಲ. ಓದಿರುವವರು ನಗುತ್ತಿದ್ದೀರಿ, ಓದಿಲ್ಲದವರು ದಯವಿಟ್ಟು ಪಕ್ಕದವರನ್ನು ಕೇಳಬೇಡಿ.

ಥ್ರಿಲ್ಲರ್ ಇದರ ತಮ್ಮನ ಥರ ಕಾಣುತ್ತದೆ, ಆದರೆ ಸ್ವಭಾವ ಬೇರೆ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದ ಬಾಂಬಿನ ಉದಾಹರಣೆ ನಿಮಗೆ ಗೊತ್ತಿರಬಹುದು. ಮೇಜಿನ ಕೆಳಗೆ ಬಾಂಬ್ ಇದೆ, ಯಾರಿಗೂ ಗೊತ್ತಿಲ್ಲ, ಸಿಡಿಯುತ್ತದೆ. ನೋಡುವವರಿಗೆ 15 ಸೆಕೆಂಡಿನ ಅಚ್ಚರಿ. ಅದೇ ಬಾಂಬ್ ಇರುವುದು ನಮಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕೂತವರು ಏನೋ ಹಾಳುಹರಟೆ ಹೊಡೆಯುತ್ತಿದ್ದರೆ 15 ನಿಮಿಷ ಉಸಿರು ಬಿಗಿ ಹಿಡಿಯುತ್ತೇವೆ. ಇದು ಸಿನಿಮಾದ ಬಗ್ಗೆ ಆಡಿದ ಮಾತು, ಆದರೆ ಕಾದಂಬರಿಗೂ ಸಲ್ಲುತ್ತದೆ. ಥ್ರಿಲ್ಲರ್ ಬಗ್ಗೆ ಬರೆಯುವಾಗ ನಾನು ನೋಡುವುದು ಇದನ್ನೇ: ಓದುಗನಿಗೆ ಏನು ಗೊತ್ತು, ಪಾತ್ರಕ್ಕೆ ಏನು ಗೊತ್ತು, ಈ ಅಂತರವನ್ನು ಎಷ್ಟು ಹೊತ್ತು ಹಿಗ್ಗಿಸಿದ್ದಾರೆ. ಪ್ರತಿ ಅಧ್ಯಾಯದ ಕೊನೆಗೂ ಒಂದು ತಿರುವು ಇಟ್ಟು, ಮುಂದಿನ ಅಧ್ಯಾಯದ ಮೊದಲ ಸಾಲಿನಲ್ಲೇ "ಅದು ಬೆಕ್ಕು" ಅನ್ನುವ ಕಾದಂಬರಿಗಳು ಬೇಕಾದಷ್ಟಿವೆ. ಅವು ಓದಿಸಿಕೊಂಡು ಹೋಗುವುದು ನಿಜ. ಅರ್ಧ ದಾರಿಯಲ್ಲಿ ನಮಗೆ ಬೇಜಾರೂ ಬಂದಿರುತ್ತದೆ, ಕೈ ಮಾತ್ರ ಪುಟ ತಿರುಗಿಸುತ್ತಿರುತ್ತದೆ. ಈ ಎರಡನ್ನೂ ಬರೆಯಬೇಕು.

ಈಗ ಪ್ರೇಮ ಕಾದಂಬರಿ. ಇಲ್ಲಿ ವಿಮರ್ಶಕರು ಸೊಟ್ಟ ಮೂತಿ ಮಾಡುವುದು ಜಾಸ್ತಿ. "ಕೊನೆಗೆ ಇಬ್ಬರೂ ಒಂದಾಗುತ್ತಾರೆ ಅಂತ ಮೊದಲೇ ಗೊತ್ತಾಗಿಬಿಡುತ್ತದೆ" ಅನ್ನುವುದು ಎಲ್ಲ ಕಡೆ ಕೇಳುವ ದೂರು. ಗೊತ್ತಾಗಲೇಬೇಕು ಮಾರಾಯ್ರೇ! ಒಂದಾಗುತ್ತಾರೆ ಅನ್ನುವ ಭರವಸೆಯ ಮೇಲೆಯೇ ಓದುಗರು ಆ ಪುಸ್ತಕ ಎತ್ತಿಕೊಂಡಿರುವುದು. ಹಾಗಾದರೆ ನೋಡಬೇಕಾದ್ದು ಏನನ್ನು? ನನ್ನ ಪ್ರಕಾರ ಅಡ್ಡಿಯನ್ನು. ಇಬ್ಬರ ನಡುವೆ ನಿಂತಿರುವುದು ಏನು, ಅದು ನಿಜವಾದ ಅಡ್ಡಿಯಾ, ಅಥವಾ ಒಂದು ಫೋನ್ ಮಾಡಿ ಮಾತಾಡಿದ್ದರೆ ಐದು ನಿಮಿಷದಲ್ಲಿ ಕರಗಿಹೋಗುವಂಥದ್ದಾ?

ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' ತೆಗೆದುಕೊಳ್ಳಿ. 61 ಅಧ್ಯಾಯಗಳ ಪುಸ್ತಕ. 34ನೆಯ ಅಧ್ಯಾಯದಲ್ಲಿ, ಹೆಚ್ಚುಕಮ್ಮಿ ನಡುವಿನಲ್ಲಿ, ಡಾರ್ಸಿ ಮದುವೆಯ ಮಾತೆತ್ತುತ್ತಾನೆ, ಎಲಿಜಬೆತ್ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುತ್ತಾಳೆ. ಅವನು ತಲುಪಿಸಿದ ಒಂದು ಪತ್ರದಿಂದ, ಅವನ ಬಗ್ಗೆ ಅವಳು ನಂಬಿದ್ದ ಸುಳ್ಳು ಸುದ್ದಿಗಳೆಲ್ಲ ಬೇಗನೆ ಬಯಲಾಗುತ್ತವೆ. ಬರೀ ತಪ್ಪು ತಿಳಿವಳಿಕೆ ಅಡ್ಡಿಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಅಡ್ಡಿ ಇರುವುದು ಅವರಿಬ್ಬರ ಸ್ವಭಾವದಲ್ಲಿ. ಅವನ ಬಿಗುಮಾನ ಇಳಿಯಬೇಕು, ತಾನು ಜನರನ್ನು ಸರಿಯಾಗಿ ಅಳೆಯುತ್ತೇನೆ ಅನ್ನುವ ಅವಳ ನಂಬಿಕೆ ಅಲ್ಲಾಡಬೇಕು. ಮಿಕ್ಕ ಅರ್ಧ ಪುಸ್ತಕ ಅದಕ್ಕೆ ಬೇಕು. ನೀವು ಓದಿದ ಪ್ರೇಮ ಕಾದಂಬರಿಯಲ್ಲಿ ಅಡ್ಡಿ ಎಲ್ಲಿದೆ ಅಂತ ಒಂದು ಸಾಲು ಬರೆಯಿರಿ, "ನವಿರಾದ ಪ್ರೇಮಕಥೆ" ಅಂತ ಬರೆದದ್ದಕ್ಕಿಂತ ಹತ್ತು ಪಟ್ಟು ವಿಷಯ ಅದರಲ್ಲಿರುತ್ತದೆ.

ಇನ್ನೊಂದು ಮಾತು. ಜಾನಿಸ್ ರಾಡ್‌ವೇ ಅನ್ನುವ ವಿದ್ವಾಂಸೆ ಅಮೆರಿಕದ ಒಂದು ಊರಿನಲ್ಲಿ ಪ್ರೇಮ ಕಾದಂಬರಿ ಓದುವ ಹೆಂಗಸರನ್ನು ಕೂರಿಸಿಕೊಂಡು ಮಾತಾಡಿಸಿ 1984ರಲ್ಲಿ ಒಂದು ಪುಸ್ತಕ ತಂದರು. ಆ ಓದುಗರಿಗೆ ಕಥೆಯಷ್ಟೇ ಮುಖ್ಯವಾಗಿದ್ದದ್ದು ಓದುವ ಹೊತ್ತು. ಮನೆಮಂದಿಯ ಬೇಡಿಕೆಗಳ ನಡುವೆ ಅದು ಅವರು ತಮಗಾಗಿ ತೆಗೆದಿಟ್ಟುಕೊಂಡ ಹೊತ್ತು. ಪುಸ್ತಕವನ್ನು ಅಳೆಯುವಾಗ ಅದನ್ನು ಓದುವವರು ಯಾವ ಸ್ಥಿತಿಯಲ್ಲಿ ಓದುತ್ತಾರೆ ಅನ್ನುವುದನ್ನು ಮರೆತರೆ ಅರ್ಧ ಚಿತ್ರ ತಪ್ಪಿಹೋಗುತ್ತದೆ. ಹಾಗಂತ ಕೆಟ್ಟ ಪುಸ್ತಕಕ್ಕೆ ರಿಯಾಯಿತಿ ಕೊಡಿ ಅಂತಲ್ಲ. ಅದೇ ಓದುಗರು ತಮ್ಮೊಳಗೆ ಇದು ಒಳ್ಳೆಯದು, ಇದು ದಂಡ ಅಂತ ಬಹಳ ನಿಷ್ಠುರವಾಗಿ ಬೇರೆ ಮಾಡುತ್ತಿದ್ದರು.

ವೈಜ್ಞಾನಿಕ ಕಾದಂಬರಿ ಮತ್ತು ಫ್ಯಾಂಟಸಿಯನ್ನು ಒಟ್ಟಿಗೆ ತೆಗೆದುಕೊಳ್ಳುತ್ತೇನೆ. ಎರಡರ ಅಭಿಮಾನಿಗಳೂ ಇದಕ್ಕೆ ಬೈಯುತ್ತಾರೆ, ಬೈಯಲಿ. ಎಚ್.ಜಿ. ವೆಲ್ಸ್ ತಮ್ಮ ವೈಜ್ಞಾನಿಕ ಕಾದಂಬರಿಗಳಿಗೆ 1930ರ ದಶಕದಲ್ಲಿ ಬರೆದ ಮುನ್ನುಡಿಯೊಂದರಲ್ಲಿ ಹೇಳುತ್ತಾರೆ: ಏನು ಬೇಕಾದರೂ ಆಗಬಹುದು ಅನ್ನುವ ಕಡೆ ಯಾವುದರಲ್ಲೂ ಕುತೂಹಲ ಉಳಿಯುವುದಿಲ್ಲ. ಒಂದು ಅಸಾಧ್ಯವನ್ನು ಓದುಗ ಒಪ್ಪಿಕೊಳ್ಳುವ ಹಾಗೆ ಮಾಡಿ, ಆಮೇಲೆ ಮಿಕ್ಕದ್ದೆಲ್ಲ ದಿನನಿತ್ಯದ ಬದುಕಿನಂತೆ ನಡೆಯಲಿ ಅನ್ನುವುದು ಅವರ ದಾರಿ. ಫ್ಯಾಂಟಸಿ ಬರೆದ ಟೋಲ್ಕಿನ್ 1939ರಲ್ಲಿ ಕೊಟ್ಟ ಉಪನ್ಯಾಸವೊಂದು ಆಮೇಲೆ ಪ್ರಬಂಧವಾಗಿ ಬಂತು. ಹಸಿರು ಸೂರ್ಯ ಅಂತ ಯಾರು ಬೇಕಾದರೂ ಹೇಳಬಹುದು, ಹಸಿರು ಸೂರ್ಯ ಸಹಜ ಅನ್ನಿಸುವಂಥ ಲೋಕ ಕಟ್ಟುವುದಕ್ಕೆ ಶ್ರಮ ಬೇಕು ಅನ್ನುವ ಅರ್ಥದ ಮಾತು ಅದರಲ್ಲಿದೆ. ಇಬ್ಬರೂ ಬೇರೆ ಬೇರೆ ಮನೆಯವರು, ಹೇಳುತ್ತಿರುವುದು ಒಂದನ್ನೇ.

ಹಾಗಾಗಿ ಇಂಥ ಪುಸ್ತಕ ಓದಿದಾಗ "ಇದು ನಿಜವಾಗಿ ಸಾಧ್ಯವಾ?" ಅಂತ ಕೇಳುವ ಬದಲು "ಇದು ನಿಜವಾದರೆ ಮಿಕ್ಕದ್ದು ಏನೇನು ಬದಲಾಗಬೇಕಿತ್ತು, ಬರಹಗಾರರು ಅದನ್ನೆಲ್ಲ ಯೋಚಿಸಿದ್ದಾರಾ?" ಅಂತ ಕೇಳಿ. ಜನ ಮುನ್ನೂರು ವರ್ಷ ಬದುಕುವ ಲೋಕದಲ್ಲಿ ಮದುವೆ, ಆಸ್ತಿ, ಜೈಲು ಶಿಕ್ಷೆ ಎಲ್ಲ ಈಗಿನಂತೆಯೇ ಇದ್ದರೆ ಏನೋ ತಪ್ಪಿದೆ. ಮಂತ್ರ ಹಾಕಿದರೆ ಗಾಯ ಮಾಯುತ್ತದೆ ಅಂತಾದರೆ ಯುದ್ಧದಲ್ಲಿ ಯಾರಾದರೂ ಸತ್ತಾಗ ನಾವು ಯಾಕೆ ಅಳಬೇಕು? ಆ ಮಂತ್ರಕ್ಕೆ ಬೆಲೆ ಏನು, ಮಿತಿ ಎಲ್ಲಿ ಅಂತ ಕಥೆ ಹೇಳಿರಬೇಕು. ಅದನ್ನು ನಲವತ್ತು ಪುಟದ ಪಾಠ ಮಾಡಿ ಹೇಳಿದ್ದಾರಾ, ಒಂದು ಜಗಳದ ನಡುವೆ ಗೊತ್ತೇ ಆಗದ ಹಾಗೆ ಹೇಳಿದ್ದಾರಾ ಅನ್ನುವುದು ಆಮೇಲಿನ ಪ್ರಶ್ನೆ. ಫ್ಯಾಂಟಸಿ ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವವರ ಜೊತೆ ನಾನು ಇಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕದ ಶುರುವಿನಲ್ಲೇ ಆ ಕಲ್ಪನೆಯ ಲೋಕದ ಭೂಪಟ ನೋಡಿದ ಕೂಡಲೇ ನನಗೆ ಆಕಳಿಕೆ ಬರುತ್ತದೆ.

ದೆವ್ವದ ಕಥೆಗೆ ಅಳತೆ ಸುಲಭ. ಹೆದರಿದಿರಾ ಇಲ್ಲವಾ? ಸುಲಭ ಅಂದರೂ, ಹೆದರಿಕೆಯಲ್ಲಿ ಎರಡು ಬಗೆ ಇದೆ. ಇಂಗ್ಲಿಷಿನಲ್ಲಿ ಭಯದ ಕಾದಂಬರಿಗಳನ್ನು ಬರೆದ ಆನ್ ರ್‍ಯಾಡ್‌ಕ್ಲಿಫ್ ಬರೆದಿಟ್ಟು ಹೋಗಿ, ಅವರು ತೀರಿಕೊಂಡ ಮೇಲೆ 1826ರಲ್ಲಿ ಅಚ್ಚಾದ ಬರಹವೊಂದು ಇವನ್ನು ಬೇರೆ ಮಾಡಿತ್ತು. ಬರಲಿರುವುದರ ಭಯ ಮನಸ್ಸನ್ನು ಹಿಗ್ಗಿಸಿ ಎಚ್ಚರವಾಗಿಡುತ್ತದೆ, ಕಣ್ಣೆದುರಿನ ಭೀಕರತೆ ಮನಸ್ಸನ್ನು ಕುಗ್ಗಿಸಿ ಮರಗಟ್ಟಿಸುತ್ತದೆ. ನಿಮ್ಮ ಪುಸ್ತಕ ಯಾವುದನ್ನು ಮಾಡಿತು ಅಂತ ಹೇಳಿದರೆ ಸಾಕು. ರಕ್ತ ಎಷ್ಟು ಹರಿಯಿತು ಅನ್ನುವುದನ್ನೂ ದಯವಿಟ್ಟು ಹೇಳಿ, ಕೆಲವರಿಗೆ ಆಗಿಬರುವುದಿಲ್ಲ.

ಐತಿಹಾಸಿಕ ಕಾದಂಬರಿಗೆ ಬಂದರೆ ಕೊನೆ ಹೇಳಬಾರದು ಅನ್ನುವ ನಿಯಮವೇ ಕುಸಿದುಬೀಳುತ್ತದೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ' 1956ರಲ್ಲಿ ಬಂದ ಕಾದಂಬರಿ. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾಯಿತು, ಅರಸು ಪದವಿ ಕಳೆದುಕೊಂಡ ಅನ್ನುವುದು ಪುಸ್ತಕ ಎತ್ತಿಕೊಳ್ಳುವವರಲ್ಲಿ ಬಹಳ ಜನಕ್ಕೆ ಗೊತ್ತು. ಗೊತ್ತಿದ್ದೂ ಓದುತ್ತೇವೆ. ಆ ಅರಸು ಮಾಡುವ ಒಂದೊಂದು ತಪ್ಪನ್ನೂ "ಬೇಡ, ಬೇಡ" ಅಂತ ಒಳಗೇ ಅನ್ನುತ್ತಾ ಓದುತ್ತೇವೆ. ಮೇಜಿನ ಕೆಳಗಿನ ಬಾಂಬ್ ಇದೇ ಅಲ್ವಾ? ಇಂಥ ಪುಸ್ತಕದ ಬಗ್ಗೆ ಬರೆಯುವವರು ಬರೀ ಇಸವಿ, ಉಡುಪು, ಆಯುಧಗಳ ತಪ್ಪು ಹುಡುಕುವುದರಲ್ಲೇ ಮುಳುಗಿಬಿಡುತ್ತಾರೆ. ಆ ತಪ್ಪುಗಳನ್ನು ಹೇಳಬೇಕು, ನಿಜ. ನನಗೆ ಅದಕ್ಕಿಂತ ಜಾಸ್ತಿ ಕಿರಿಕಿರಿ ಮಾಡುವುದು ಹಳೆಯ ಬಟ್ಟೆ ಹಾಕಿಕೊಂಡು ಇವತ್ತಿನ ತಲೆಯಿಂದ ಯೋಚಿಸುವ ಪಾತ್ರಗಳು. ಖಡ್ಗ ಸರಿಯಾಗಿದೆ, ಮನಸ್ಸು ಸರಿಯಾಗಿಲ್ಲ.

ಗುಟ್ಟು ಬಿಟ್ಟುಕೊಡುವ ವಿಷಯದಲ್ಲಿ ಒಂದು ಪ್ರಯೋಗವೂ ಆಗಿದೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು, ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್, ಕೆಲವರಿಗೆ ಸಣ್ಣಕಥೆಗಳ ಕೊನೆಯನ್ನು ಮೊದಲೇ ತಿಳಿಸಿ ಓದಿಸಿದರು, ಕೆಲವರಿಗೆ ತಿಳಿಸದೆ ಓದಿಸಿದರು. ಮೊದಲೇ ತಿಳಿದವರಿಗೇ ಕಥೆಗಳು ಸ್ವಲ್ಪ ಜಾಸ್ತಿ ಹಿಡಿಸಿದವು. ಇದನ್ನು ಹಿಡಿದುಕೊಂಡು ಕೊನೆ ಹೇಳುವುದರಲ್ಲಿ ತಪ್ಪಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ಸಣ್ಣಕಥೆಗಳ ಪ್ರಯೋಗ, ಮುನ್ನೂರು ಪುಟ ಕಾದು ಕೂರುವ ಕಾದಂಬರಿಯದ್ದಲ್ಲ. ಅದೂ ಅಲ್ಲದೆ, ಕೊನೆ ತಿಳಿದು ಓದಬೇಕಾ, ತಿಳಿಯದೆ ಓದಬೇಕಾ ಅನ್ನುವುದನ್ನು ಓದುಗ ತೀರ್ಮಾನ ಮಾಡಲಿ. ಅವರ ಪರವಾಗಿ ನಾನ್ಯಾಕೆ ಮಾಡಲಿ?

ಇಷ್ಟೆಲ್ಲ ಆದ ಮೇಲೂ ಒಂದು ಕಷ್ಟ ಉಳಿಯುತ್ತದೆ, ಹೊಗಳಿಕೆಯ ಕಷ್ಟ. ಜಾರ್ಜ್ ಆರ್ವೆಲ್ ಹೊಟ್ಟೆಪಾಡಿಗೆ ಪುಸ್ತಕ ವಿಮರ್ಶೆ ಬರೆದವರು. 1946ರಲ್ಲಿ ಅದರ ಬಗ್ಗೆ ಒಂದು ಪ್ರಬಂಧ ಬರೆದರು. ಮನಸ್ಸಿನಲ್ಲಿ ಯಾವ ಭಾವನೆಯನ್ನೂ ಹುಟ್ಟಿಸದ ಪುಸ್ತಕಗಳ ಬಗ್ಗೆ ಏನೋ ಭಾವನೆ ಇರುವ ಹಾಗೆ ಬರೆಯುತ್ತಾ ಹೋಗುವುದೇ ಈ ಕೆಲಸದ ಶಾಪ ಅಂತ ಅವರ ದೂರು. ಬಹುಪಾಲು ಪುಸ್ತಕಗಳನ್ನು ಸುಮ್ಮನೆ ಬಿಟ್ಟುಬಿಡಿ, ಮುಖ್ಯ ಅನ್ನಿಸಿದ ಕೆಲವಕ್ಕೆ ಕನಿಷ್ಠ 1000 ಪದಗಳ ಉದ್ದದ ವಿಮರ್ಶೆ ಬರೆಯಿರಿ ಅಂದರು. ಅವರಿಗೆ ಅದು ಹೊಟ್ಟೆಪಾಡು, ಹಾಗಾಗಿ ಬಿಡುವುದು ಸುಲಭವಿರಲಿಲ್ಲ. ನಮಗೆ ಆ ಕಟ್ಟುಪಾಡು ಇಲ್ಲವಲ್ಲ! ಯಾರೂ ದುಡ್ಡು ಕೊಡುತ್ತಿಲ್ಲ, ಯಾರೂ ಗಡುವು ಹಾಕಿಲ್ಲ. ಆದರೂ ಓದಿದ್ದಕ್ಕೆಲ್ಲ ಐದಕ್ಕೆ ನಾಲ್ಕೂವರೆ ನಕ್ಷತ್ರ ಹಂಚುತ್ತೇವೆ. ಎಲ್ಲಕ್ಕೂ ನಾಲ್ಕೂವರೆ ಕೊಟ್ಟವರ ನಾಲ್ಕೂವರೆಗೆ ಬೆಲೆ ಎಲ್ಲಿಂದ ಬರಬೇಕು?

ಅದಕ್ಕೆ ಉಲ್ಟಾ ರೋಗವೂ ಇದೆ. ಪುಸ್ತಕವನ್ನು ಚಚ್ಚಿ ಬರೆದರೆ ಓದುವವರು ಜಾಸ್ತಿ, ಚಪ್ಪಾಳೆಯೂ ಜಾಸ್ತಿ. ಇಲ್ಲಿ ಅಮೆರಿಕದ ಕಾದಂಬರಿಕಾರ ಜಾನ್ ಅಪ್‌ಡೈಕ್ 1975ರ ಸಂಕಲನವೊಂದರಲ್ಲಿ ತಮಗೆ ತಾವೇ ಹಾಕಿಕೊಂಡ ನಿಯಮಗಳಲ್ಲಿ ಮೊದಲನೆಯದು ನನಗೆ ಬಹಳ ಸರಿ ಅನ್ನಿಸುತ್ತದೆ: ಬರಹಗಾರ ಏನು ಮಾಡಲು ಹೊರಟಿದ್ದ ಅಂತ ತಿಳಿದುಕೊಳ್ಳಿ, ಅವನು ಹೊರಡದೇ ಇದ್ದದ್ದನ್ನು ಮಾಡಲಿಲ್ಲ ಅಂತ ದೂರಬೇಡಿ. ಪುಸ್ತಕದ ಸಾಲುಗಳನ್ನೇ ಸಾಕಷ್ಟು ಎತ್ತಿ ಕೊಡಿ, ಓದುಗ ತಾನೇ ರುಚಿ ನೋಡಲಿ ಅನ್ನುವುದೂ ಆ ಪಟ್ಟಿಯಲ್ಲಿದೆ. ಕಥಾಸಾರ ಬರೆದು ಬರೆದು ಕೈ ನೋಯಿಸಿಕೊಳ್ಳುವ ನಾವು ಇದನ್ನು ಮಾಡುವುದೇ ಇಲ್ಲ. ಎರಡು ಪುಟ ಕಥೆ ಹೇಳುತ್ತೇವೆ, ಕಾದಂಬರಿಯ ಒಂದೇ ಒಂದು ವಾಕ್ಯ ಕೊಡುವುದಿಲ್ಲ. ಭಾಷೆ ಚೆನ್ನಾಗಿದೆ ಅಂತ ಬರೆದಿದ್ದೀರಿ, ಸರಿ, ಒಂದು ಸಾಲು ತೋರಿಸಿ!

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಗಂಭೀರ ಸಾಹಿತ್ಯವನ್ನೂ ಪತ್ತೇದಾರಿಯನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಿದ್ದೀರಾ ಅಂತ ಒಬ್ಬರು ಸ್ವಲ್ಪ ಬೇಸರದಿಂದಲೇ ಕೇಳಿದರು. ಇಲ್ಲ. ಎರಡನ್ನೂ ಅವವು ಓದುಗನಿಗೆ ಕೊಟ್ಟ ಮಾತಿಗೆ ಕಟ್ಟಿಹಾಕುತ್ತಿದ್ದೇನೆ ಅಷ್ಟೇ. ಥಿಯೊಡೊರ್ ಸ್ಟರ್ಜನ್ ಅಂತ ವೈಜ್ಞಾನಿಕ ಕಥೆಗಾರರೊಬ್ಬರಿದ್ದರು. ವೈಜ್ಞಾನಿಕ ಕಥೆಗಳಲ್ಲಿ ನೂರಕ್ಕೆ 90 ಕಸ ಅಂತ ಜನ ಆಡಿಕೊಂಡಾಗ, ಹೌದು, ಎಲ್ಲದರಲ್ಲೂ ನೂರಕ್ಕೆ 90 ಕಸವೇ ಅಂದರು. ಲೆಕ್ಕ ಹಾಕಿ ಹೇಳಿದ್ದಲ್ಲ, ಆದರೆ ಗಂಭೀರ ಕಾದಂಬರಿಗಳ ರಾಶಿಯಲ್ಲೂ ಆ 90 ಇದೆ ಅನ್ನುವುದನ್ನು ಅವನ್ನು ಓದುವವರೇ ಒಪ್ಪುತ್ತಾರೆ. ಒಳ್ಳೆಯ ಪತ್ತೇದಾರಿಯ ಪಕ್ಕ ಕೆಟ್ಟ ಗಂಭೀರ ಕಾದಂಬರಿ ಇಟ್ಟು ಯಾವುದು ಮೇಲು ಅಂತ ಕೇಳಿದರೆ ನಾನು ಯೋಚಿಸುವುದೂ ಇಲ್ಲ.

ಇನ್ನೊಬ್ಬರು, ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆ ಬರೆಯಬಹುದಾ ಅಂತ ಕೇಳಿದರು. ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಓದುಗನಿಗೆ ಹತ್ತು ಹಕ್ಕುಗಳಿವೆ ಅಂತ ಪಟ್ಟಿ ಮಾಡಿದರು. ಪುಟ ಹಾರಿಸುವುದು, ಮುಗಿಸದೆ ಬಿಡುವುದು ಎರಡೂ ಅದರಲ್ಲಿವೆ. ಬಿಡಿ, ಬಿಟ್ಟದ್ದರ ಬಗ್ಗೆ ಬರೆಯಿರಿ. ಎಲ್ಲಿ ಬಿಟ್ಟಿರಿ, ಆ ಹೊತ್ತಿಗೆ ಪುಸ್ತಕ ಏನು ಮಾಡುತ್ತಿತ್ತು ಅಂತ ಹೇಳಿ, ನಕ್ಷತ್ರ ಮಾತ್ರ ಹಾಕಬೇಡಿ. ಫ್ಯಾಂಟಸಿಯಲ್ಲಿ ನೂರನೆಯ ಪುಟಕ್ಕೇ ಆ ಲೋಕ ನಿಂತಿದೆಯೋ ಇಲ್ಲವೋ ಕಾಣುತ್ತದೆ. ಪ್ರೇಮ ಕಾದಂಬರಿಯಲ್ಲಿ ಅಡ್ಡಿ ಹುಸಿ ಅನ್ನುವುದು ಅರ್ಧಕ್ಕೆ ಗೊತ್ತಾಗುತ್ತದೆ. ಪತ್ತೇದಾರಿ ಒಂದನ್ನು ಮಾತ್ರ ಅರ್ಧಕ್ಕೆ ಬಿಟ್ಟು ತೀರ್ಪು ಕೊಡಬೇಡಿ, ಬೇಜಾರಾದ ಆ ನಡುವಿನ ಪುಟಗಳಲ್ಲೇ ಸುಳಿವು ಇದ್ದಿರಬಹುದು.